ನಲಿ-ಕಲಿಯಲ್ಲಿ ಓಡಾಡ್ಕೊಂಡಿದ್ದ ಹುಡುಗಿ ನಾಲ್ಕನೇ ಕ್ಲಾಸಿಗೆ ಬಂದು ಸುಮ್ಮನಾಗಿಬಿಟ್ಟಿದ್ದಾಳೆ, ಕ್ಲಾಸಲ್ಲಿ ಏನ್ ಮಾಡ್ಲಿ?

ತುಮಕೂರು ಕಡೆ ಮೇಡಂ:

ಎಲ್ರಿಗೂ ನಮಸ್ಕಾರ. ನಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆ, ನಾಲ್ಕು ಐದು ಎರಡನ್ನೂ ಒಂದೇ ರೂಮಲ್ಲಿ ಕೂರಿಸ್ಕೊಂಡು ನಾನೇ ಮಾಡ್ತೀನಿ. ಈ ಜೂನಲ್ಲಿ ನನ್ನ ಕ್ಲಾಸಿಗೆ ಬಂದ ಒಬ್ಬಳು ಹುಡುಗಿ ಬಗ್ಗೆ ಕೇಳ್ಬೇಕಿತ್ತು. ಎರಡೂವರೆ ವರ್ಷಕ್ಕೆ ನಡೆದಳಂತೆ, ಮಾತು ಬಂದಿದ್ದು ನಾಲ್ಕಕ್ಕೆ, ಈಗ್ಲೂ ಎರಡು ಮೂರು ಪದ ಜೋಡಿಸಿ ಹೇಳ್ತಾಳೆ ಅಷ್ಟೆ. ಅವರಜ್ಜಿನ ಕೇಳಿದ್ರೆ ಅವರಪ್ಪನೂ ಲೇಟಾಗೇ ಮಾತಾಡಿದ್ದು, ಸರಿಹೋಗುತ್ತೆ ಬಿಡಿ ಅಂತಾರೆ. ಅಂಗವೈಕಲ್ಯದ ಸರ್ಟಿಫಿಕೇಟ್ ಇಲ್ಲ, ಇದುವರೆಗೂ ಯಾವ ಡಾಕ್ಟ್ರಿಗೂ ತೋರಿಸಿಲ್ಲ.

ಕೆಳಗಿನ ಕ್ಲಾಸಲ್ಲಿ, ಅಂದ್ರೆ ಒಂದರಿಂದ ಮೂರರ ತನಕ ಕಾರ್ಡ್ ಇಟ್ಕೊಂಡು ಆಡ್ತಾ ಕಲಿಯೋ ನಲಿ-ಕಲಿಯಲ್ಲಿ, ಚಾಪೆ ಮೇಲೆ ಕೂತು ಕಾರ್ಡ್ ಎತ್ಕೊಂಡು ತನ್ನ ಪಾಡಿಗೆ ತಾನು ಮಾಡ್ತಿದ್ದೋಳು, ಹಾಡು ಅಂದ್ರೆ ಎಲ್ರಿಗಿಂತ ಮೊದಲು ಎದ್ದು ನಿಲ್ತಿದ್ದೋಳು, ಈಗ ಬೆಂಚ್ ಮೇಲೆ ಕೂತು ಇಡೀ ದಿನ ಬ್ಯಾಗಿನ ಜಿಪ್ ಎಳೀತಾ ಇರ್ತಾಳೆ. ಬೋರ್ಡ್ ನೋಡಿ ಬರ್ಕೋ ಅಂದ್ರೆ ಚೆನ್ನಾಗೇ ಬರೀತಾಳೆ, ಅಕ್ಷರ ದುಂಡಗಿದೆ, ನೋಟ್ಸ್ ನೋಡಿದೋರಿಗೆ ಏನೂ ತೊಂದ್ರೆ ಇಲ್ಲ ಅನ್ಸುತ್ತೆ, ಆದ್ರೆ ತಾನೇ ಬರೆದಿದ್ದನ್ನ ಓದು ಅಂದ್ರೆ ಒಂದಕ್ಷರಾನೂ ಗೊತ್ತಾಗಲ್ಲ. ಅದೇ ಹುಡುಗಿ ಬಿಸಿಯೂಟದ ಹೊತ್ತಲ್ಲಿ ಯಾರು ಬಂದಿಲ್ಲ ಅಂತ ಹೆಸರು ಹಿಡಿದು ಹೇಳ್ತಾಳೆ, ತಟ್ಟೆ ಹಂಚೋದು ಅವಳೇ.

ಇನ್ನೂ ಇಪ್ಪತ್ತೆಂಟು ಮಕ್ಕಳಿದಾರೆ, ಎರಡು ಕ್ಲಾಸಿನ ಪಾಠ ಇದೆ. ದಯವಿಟ್ಟು ಸ್ಪೆಷಲ್ ಸ್ಕೂಲಿಗೆ ಸೇರಿಸಿ ಅಂತ ಒಂದೇ ಮಾತಲ್ಲಿ ಮುಗಿಸ್ಬೇಡಿ. ನಾಳೆ ಬೆಳಗ್ಗೆ ಕ್ಲಾಸಲ್ಲಿ ಏನ್ ಮಾಡ್ಬಹುದು ಅದನ್ನ ಹೇಳಿ.

ನಲಿ-ಕಲಿ ಅಕ್ಕೋರು, ಧಾರವಾಡ:

ಮೇಡಂ, ನಾ ಒಂದರಿಂದ ಮೂರನೇತ್ತಾ ನಲಿ-ಕಲಿ ಮಾಡ್ತೀನ್ರಿ. ನೀವು ಬರದಿದ್ದು ನಾ ಪ್ರತಿ ವರ್ಷ ಕಣ್ಣಾರೆ ನೋಡೋದ ಐತಿ. ನಮ್ಮ ಕಡೆಯಿಂದ ನಕ್ಕೋತ ಹೋದ ಮಗು ನಾಕನೇತ್ತಾಗ ದೀಪಾವಳಿ ಸೂಟಿಯೊಳಗ ಮಾತ ಬಿಟ್ಟಿರತೈತಿ. ಮಗು ಬದಲಾಗಿರೂದಿಲ್ರಿ, ಕ್ಲಾಸ್ ನಡ್ಯೂ ರೀತಿ ಬದಲಾಗಿರತೈತಿ.

ನಲಿ-ಕಲಿ ಒಳಗ ಏನಿತ್ತು ನೋಡ್ರಿ. ಎಲ್ಲಾರೂ ಒಂದ ದಿನಾ ಒಂದ ಪಾಠ ಮುಗಸಬೇಕು ಅಂತ ಇಲ್ಲ. ಮೆಟ್ಟಿಲು ಅದಾವು, ಮೈಲಿಗಲ್ಲು ಅದಾವು, ಯಾರು ಎಲ್ಲಿ ನಿಂತಾರೋ ಅಲ್ಲಿಂದ ಮುಂದ. ಒಂದ ಗುಂಪಿಗೆ ನಾನ ಪೂರ್ತಿ ಕಲಸ್ತೀನಿ, ಇನ್ನೊಂದ ಗುಂಪಿಗೆ ಅರ್ಧ ಸಹಾಯ, ಮತ್ತೊಂದ ಗುಂಪಿನಾಗ ಹುಡುಗ್ರ ಹುಡುಗ್ರಿಗೆ ಹೇಳಿ ಕೊಡ್ತಾರ, ಕಡೀಕೆ ತಾನ ಮಾಡೂ ಗುಂಪು. ಗ್ವಾಡಿ ಮ್ಯಾಲ ಯಾರು ಎಲ್ಲಿ ತನಕ ಬಂದಾರ ಅಂತ ತೋರಸೂ ಪ್ರಗತಿ ನೋಟ ಇರತೈತಿ. ಇದು 1995ರಾಗ ಹೆಗ್ಗಡದೇವನಕೋಟೆ ತಾಲೂಕಿನ ಶಾಲಿಗೋಳೊಳಗ ಶುರುವಾಗಿದ್ದು, ಆಗ ಯಾರೂ ಇದನ್ನ ವಿಶೇಷ ಅಗತ್ಯದ ಮಕ್ಕಳಿಗೆ ಅಂತ ಮಾಡಿದ್ದಲ್ಲ, ಆದ್ರ ಅಂಥಾ ಮಕ್ಕಳಿಗೆ ಇದಕ್ಕಿಂತ ಛಲೋ ವ್ಯವಸ್ಥಾ ನಮ್ಮ ಶಾಲಿಗೋಳಾಗ ನಾ ಬ್ಯಾರೆ ಕಂಡಿಲ್ಲ. ನಾಕನೇತ್ತಿಗೆ ಬಂದ ಕೂಡ್ಲೆ ಇದೆಲ್ಲಾ ಒಂದ ಬೇಸಿಗಿ ಸೂಟಿಯೊಳಗ ಹೋಗಿ ಬಿಡತೈತಿ. ಪುಸ್ತಕ, ಬೆಂಚು, ಬೋರ್ಡು, ಎಲ್ಲಾರಿಗೂ ಒಂದ ಪುಟ.

ಅದಕ್ಕ ನಂದೊಂದ ಮಾತು: ಮೆಟ್ಟಿಲನ್ನ ನಿಮ್ಮ ರೂಮಿಗೆ ತಗೊಂಡ ಹೋಗ್ರಿ. ಕೆಳಗಿನ ಕ್ಲಾಸಿನ ಟೀಚರ್ ಕಡೆ ಹೋಗಿ ಆ ಹುಡುಗಿ ಯಾವ ಮೈಲಿಗಲ್ಲಿಗೆ ನಿಂತಿದ್ಲು ಕೇಳ್ರಿ. ಮೂರನೇತ್ತಾ ಪಾಸ್ ಅಂತ ಬರದಿದ್ರೂ ಖರೇ ಲೆಕ್ಕದಾಗ ಆಕಿ ಒಂದನೇತ್ತಿನ ನಡಕ ನಿಂತಿರಬಹುದು. ಅಲ್ಲಿಂದ ಹಿಡೀರಿ. ರ ಗ ಸ ದ ಅ, ಈ ಐದಕ್ಷರ ಗಟ್ಟಿ ಅದಾವೋ ಇಲ್ಲೋ ನೋಡ್ರಿ. ಈ ಐದರಾಗ ಸರ, ಅರಸ, ಅಗಸ, ದಸರ, ಗರಗಸ ಇಂಥಾ ಶಬ್ದ ಬರತಾವು. ಗರಗಸ ಅಂತ ತಾನ ಓದಿದ ದಿನ ಆ ಮಗೂನ ಮಾರಿ ನೋಡ್ರಿ. ಕಾಗುಣಿತ, ಒತ್ತಕ್ಷರ ಎಲ್ಲಾ ಆಮ್ಯಾಲ. ಒತ್ತಕ್ಷರ ಬ್ಯಾರೆ ಹುಡುಗ್ರಿಗೇ ನಾಕು ಐದನೇತ್ತಿ ತನಕ ಕಾಡತಾವು, ಈಕಿಗೆ ಈಗ ಅದರ ಕೂಡ ಬಡದಾಡಸಬ್ಯಾಡ್ರಿ.

ಮತ್ತ ಬೋರ್ಡ್ ನೋಡಿ ಬರಸೂದು ನಾಳೆಯಿಂದ ನಿಲ್ಲಸ್ರಿ. ಅದು ಬರವಣಿಗಿ ಅಲ್ಲ, ಚಿತ್ರಾ ಬರದಂಗ. ಆ ಹೊತ್ತಿನಾಗ ಕಾರ್ಡ್ ಕೊಡ್ರಿ.

ತುಮಕೂರು ಕಡೆ ಮೇಡಂ:

ಅಕ್ಕೋರೆ ತುಂಬಾ ಥ್ಯಾಂಕ್ಸ್. ಕಾರ್ಡ್‌ಗಳು ಕೆಳಗಿನ ರೂಮಲ್ಲೇ ಇವೆ, ತರಿಸ್ಕೊಳ್ತೀನಿ. ಒಂದು ಭಯ ಏನಂದ್ರೆ ಚಿಕ್ಕ ಮಕ್ಕಳ ಕಾರ್ಡ್ ಅಂತ ಬೇರೆ ಹುಡುಗ್ರು ನಗ್ತಾರೇನೋ.

ನಲಿ-ಕಲಿ ಅಕ್ಕೋರು, ಧಾರವಾಡ:

ಆಕಿ ಒಬ್ಬಾಕಿಗೇ ಕೊಟ್ರ ನಗತಾರ. ನಿಮ್ಮ ಕ್ಲಾಸಿನಾಗ ಓದಾಕ ತಡವರಸೂ ಇನ್ನೂ ನಾಕೈದು ಹುಡುಗ್ರು ಇದ್ದ ಇರತಾರಲ್ರಿ, ಅವರನ್ನೂ ಕೂಡಿಸಿ ಒಂದ ಗುಂಪ ಮಾಡ್ರಿ, ದಿನಾ ಇಪ್ಪತ್ತ ನಿಮಿಷ. ಉಳದವರಿಗೂ ಆ ಹೊತ್ತಿನಾಗ ಏನರೆ ಗುಂಪಿನ ಕೆಲಸಾನ ಇರಲಿ. ಆವಾಗ ಯಾರದು ಸಣ್ಣದು ಯಾರದು ದೊಡ್ಡದು ಅನ್ನೂ ಮಾತ ಬರೂದಿಲ್ಲ.

ಮೈಸೂರಿನ ಸ್ಪೀಚ್ ಥೆರಪಿಸ್ಟ್:

ಕ್ಲಾಸ್ ವಿಷಯ ಅಕ್ಕೋರು ಹೇಳಿದಾರೆ, ನಾನು ಇನ್ನೊಂದು ಕಡೆಯಿಂದ ಹೇಳ್ತೀನಿ. ಮೇಡಂ, ಮೊದಲು ಕಿವಿ ಪರೀಕ್ಷೆ. ಮಾತು ತಡವಾದ ಯಾವ ಮಗುವಿಗಾದ್ರೂ ಮೊದಲು ಕೇಳೋದು ಇದೇ. ಪದೇ ಪದೇ ಕಿವಿ ಸೋರೋದು, ನೆಗಡಿ ಜೊತೆ ಕಿವಿ ಒಳಗೆ ನೀರು ತುಂಬ್ಕೊಳ್ಳೋದು, ಇಷ್ಟರಿಂದ್ಲೇ ಮಗುಗೆ ಅರ್ಧ ಅರ್ಧ ಕೇಳಿಸ್ತಿರುತ್ತೆ, ಎದುರಿಗೆ ನಿಂತು ಕರೆದ್ರೆ ತಿರುಗುತ್ತೆ ಅಂತ ಮನೆಯವರಿಗೆ ಅನುಮಾನಾನೇ ಬರಲ್ಲ. ಜಿಲ್ಲಾಸ್ಪತ್ರೆಲಿ ಇಎನ್‌ಟಿ ಇರ್ತಾರೆ, ಇಲ್ಲ ಮೈಸೂರಿಗೆ ಬರೋಕಾದ್ರೆ ಮಾನಸಗಂಗೋತ್ರಿಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ, ನಮ್ಮ ಕಡೆ ಜನ ಆಯಿಷ್ ಅಂತಾರೆ. ಕಿವಿ, ಭಾಷೆ, ಮಾತು, ಬುದ್ಧಿ ಬೆಳವಣಿಗೆ ಎಲ್ಲಾ ಅಲ್ಲೇ ನೋಡ್ತಾರೆ.

ಎರಡನೇದು, ಪಾಠದ ಮಧ್ಯೆ ಇದ್ದಕ್ಕಿದ್ದಂಗೆ ಕೆಲವು ಸೆಕೆಂಡು ಕಣ್ಣು ಶೂನ್ಯಕ್ಕೆ ನೆಟ್ಟು ಸ್ತಬ್ಧ ಆಗ್ತಾಳಾ, ಕರೆದ್ರೂ ಮುಟ್ಟಿದ್ರೂ ಗೊತ್ತಾಗಲ್ವಾ, ಆಮೇಲೆ ಏನೂ ಆಗಿಲ್ಲ ಅನ್ನೋ ಥರ ಮುಂದುವರಿಸ್ತಾಳಾ, ಇದನ್ನ ಗಮನಿಸಿ. ಒಂದು ಥರದ ಫಿಟ್ಸ್ ಹೀಗೇ ಇರುತ್ತೆ, ಬೀಳೋದು ನೊರೆ ಬರೋದು ಏನೂ ಇರಲ್ಲ, ಮನೆಯಲ್ಲಿ ಗೊತ್ತೇ ಆಗಲ್ಲ, ಕಂಡುಹಿಡಿಯೋದು ಟೀಚರ್‌ಗಳೇ. ಔಷಧಿಗೆ ಚೆನ್ನಾಗಿ ಹತೋಟಿಗೆ ಬರುತ್ತೆ. ಥೈರಾಯ್ಡ್, ರಕ್ತಹೀನತೆ, ಕಣ್ಣು ಇವನ್ನೂ ಒಂದ್ಸಲ ನೋಡಿಸ್ಬೇಕು. ಶಾಲೆಗೆ ವರ್ಷಕ್ಕೊಂದು ಸಲ ಆರ್‌ಬಿಎಸ್‌ಕೆ ತಂಡ ಬರುತ್ತಲ್ಲ, 2013ರಿಂದ ಇರೋ ಮಕ್ಕಳ ಆರೋಗ್ಯ ತಪಾಸಣೆ ಕಾರ್ಯಕ್ರಮ, ಹುಟ್ಟಿದಾಗಿಂದ 18 ವರ್ಷದವರೆಗೂ ನೋಡ್ತಾರೆ, ಬೆಳವಣಿಗೆ ಕುಂಠಿತ ಅನ್ನೋದು ಅವರ ಪಟ್ಟಿಯಲ್ಲೇ ಇದೆ. ಅವರು ಬಂದ ದಿನ ತೂಕ ಎತ್ತರ ಬರೆದು ಕಳಿಸೋಕೆ ಬಿಡಬೇಡಿ, ಈ ಹುಡುಗಿನ ಕೈ ಹಿಡಿದು ಕರ್ಕೊಂಡು ಹೋಗಿ ಮಾತಿನ ವಿಷಯ ಹೇಳಿ, ಜಿಲ್ಲಾಸ್ಪತ್ರೆಲಿ ಮಕ್ಕಳ ಬೆಳವಣಿಗೆ ತೊಂದ್ರೆ ನೋಡೋ ಡಿಇಐಸಿ ಕೇಂದ್ರಕ್ಕೆ ರೆಫರಲ್ ಬರೆಸ್ಕೊಳ್ಳಿ.

ಇನ್ನು ಕ್ಲಾಸಲ್ಲಿ: ಒಂದ್ಸಲಕ್ಕೆ ಒಂದೇ ಮಾತು ಹೇಳಿ. "ಪುಸ್ತಕ ತೆಗೆದು ಹನ್ನೆರಡನೇ ಪುಟ ನೋಡಿ ಪ್ರಶ್ನೆ ಬರ್ಕೊಳ್ಳಿ" ಅಂದ್ರೆ ಅದು ನಮಗೆ ಒಂದು ಮಾತು, ಅವಳಿಗೆ ಮೂರು. "ಪುಸ್ತಕ ತೆಗಿ" ಅನ್ನಿ, ನಿಲ್ಲಿ, ತೆಗೆದ ಮೇಲೆ ಮುಂದಿನದು. ಪ್ರಶ್ನೆ ಕೇಳಿ ಮನಸಲ್ಲೇ ಹತ್ತರ ತನಕ ಎಣಿಸಿ. ನಾವೆಲ್ಲ ಎರಡು ಸೆಕೆಂಡ್ ಕಾದು ಪಕ್ಕದ ಮಗುನ ಕೇಳ್ಬಿಡ್ತೀವಿ, ಈ ಮಕ್ಕಳಿಗೆ ಉತ್ತರ ಗೊತ್ತಿದ್ರೂ ಬಾಯಿಗೆ ಬರೋಕೆ ಟೈಮ್ ಬೇಕು. ಅವಳು "ನೀರು" ಅಂದ್ರೆ ನೀವು "ನೀರು ಬೇಕಾ, ತಣ್ಣೀರು ಬೇಕಾ" ಅಂತ ಒಂದು ಪದ ಸೇರಿಸಿ ಹೇಳಿ, "ಸರಿಯಾಗಿ ಹೇಳು" ಅಂತ ತಿದ್ದೋದು ಬೇಡ.

ಬೆಂಗಳೂರು ಪ್ರೈವೇಟ್ ಸ್ಕೂಲ್ ಮಿಸ್:

ಓದಿ ಹೊಟ್ಟೆ ಉರೀತು. ನಾವು ದುಡ್ಡಿರೋ ಸ್ಕೂಲು, ರಿಸೋರ್ಸ್ ರೂಮ್ ಇದೆ, ಕೌನ್ಸೆಲರ್ ಇದಾರೆ, ಆದ್ರೂ ನಮ್ಮಲ್ಲಿ ನಡೆಯೋದು ಏನು ಅಂದ್ರೆ ಇಂಥ ಮಗು ಬಂತು ಅಂದ್ರೆ ಮಗು ಪಕ್ಕದಲ್ಲೇ ಇರೋಕೆ ಒಬ್ಬ ಶಾಡೋ ಟೀಚರ್ ತನ್ನಿ ಅಂತ ಅಪ್ಪ ಅಮ್ಮನಿಗೆ ಹೇಳ್ತಾರೆ, ಸಂಬಳ ಅವರದ್ದೇ. ಆ ಶಾಡೋ ಬಂದ ಮೇಲೆ ಕ್ಲಾಸ್ ಟೀಚರ್ ಆ ಮಗು ಕಡೆ ನೋಡೋದೇ ನಿಲ್ಲಿಸ್ತಾರೆ, ಮಗು ಕ್ಲಾಸಲ್ಲಿದ್ರೂ ಕ್ಲಾಸಿಗೆ ಸೇರಿದ್ದಲ್ಲ. ಪಕ್ಕದಲ್ಲಿ ದೊಡ್ಡವರೊಬ್ಬರು ಅಂಟ್ಕೊಂಡು ಕೂತಿದ್ರೆ ಬೇರೆ ಮಕ್ಕಳು ಹತ್ರಾನೇ ಬರಲ್ಲ. ತುಮಕೂರು ಮೇಡಂ, ನಿಮ್ಮ ಹುಡುಗಿ ತಟ್ಟೆ ಹಂಚ್ತಾಳೆ ಅಂದ್ರಲ್ಲ, ಅಂಥ ಜಾಗ ನಮ್ಮ ಮಕ್ಕಳಿಗೆ ಸಿಗಲ್ಲ. ಅದನ್ನ ಯಾವ ಕಾರಣಕ್ಕೂ ಕಿತ್ಕೋಬೇಡಿ.

ನಿವೃತ್ತ ಮುಖ್ಯೋಪಾಧ್ಯಾಯ, ಶಿವಮೊಗ್ಗ:

ಎಲ್ಲರ ಅಭಿಪ್ರಾಯ ಓದಿದೆ. ನನ್ನದು ಸ್ವಲ್ಪ ಭಿನ್ನ. ಮೂರನೇ ತರಗತಿ ಮಟ್ಟವೇ ಮುಟ್ಟದ ಮಗುವನ್ನು ನಾಲ್ಕಕ್ಕೆ ತಳ್ಳಿದ್ದು ಯಾಕೆ ಅಂತ ಕೇಳ್ತೀನಿ. ಇನ್ನೊಂದು ವರ್ಷ ನಲಿ-ಕಲಿಯಲ್ಲೇ ಕೂರಿಸಿದ್ದರೆ ಅಡಿಪಾಯ ಗಟ್ಟಿಯಾಗುತ್ತಿತ್ತು. ನಮ್ಮ ಕಾಲದಲ್ಲಿ ಹಾಗೆ ಮಾಡ್ತಿದ್ದೆವು, ತಂದೆ ತಾಯಿಯೇ ಬಂದು ಇನ್ನೊಂದು ವರ್ಷ ಇಟ್ಕೊಳ್ಳಿ ಸಾರ್ ಅನ್ನುತ್ತಿದ್ದರು. ಮತ್ತೆ ಒಬ್ಬ ಶಿಕ್ಷಕಿ ಎರಡು ತರಗತಿ ಇಟ್ಟುಕೊಂಡು ಇದೆಲ್ಲ ಮಾಡಬೇಕು ಅನ್ನುವುದು ನ್ಯಾಯವೂ ಅಲ್ಲ. ಉಳಿದ ಮಕ್ಕಳ ಪಾಲು ಏನು?

ಬಿಐಇಆರ್‌ಟಿ, ದಾವಣಗೆರೆ ಜಿಲ್ಲೆ:

ಬಿಐಇಆರ್‌ಟಿ ಅಂದ್ರೆ ತಾಲ್ಲೂಕಿನ ಶಾಲೆಗಳಿಗೆ ಓಡಾಡಿ ವಿಶೇಷ ಅಗತ್ಯದ ಮಕ್ಕಳನ್ನ ನೋಡೋ ಸಂಪನ್ಮೂಲ ಶಿಕ್ಷಕರು. ಸಾರ್, ನಿಮ್ಮ ಕಾಳಜಿ ಅರ್ಥ ಆಗುತ್ತೆ, ಆದ್ರೆ ಒಪ್ಪಲ್ಲ. ಅದೇ ಪಾಠ ಅದೇ ರೀತಿ ಇನ್ನೊಂದು ವರ್ಷ ಮಾಡಿದ್ರೆ ಈ ಮಕ್ಕಳು ಕಲಿಯಲ್ಲ, ಒಂದು ವರ್ಷ ದೊಡ್ಡೋರಾಗ್ತಾರೆ ಅಷ್ಟೆ, ಜೊತೆಗೆ ಗೆಳತಿಯರು ಮುಂದೆ ಹೋಗಿರ್ತಾರೆ. ಆ ಹುಡುಗಿ ಮಾತಾಡೋದು ಗೆಳತಿಯರ ಜೊತೇಲಿ. ಮಗು ವಯಸ್ಸಿನ ಕ್ಲಾಸಲ್ಲಿ ಕೂರಬೇಕು, ಅವಳ ಪಾಠ ಅವಳ ಮಟ್ಟದಲ್ಲಿ ಇರಬೇಕು, ಇವೆರಡೂ ಒಟ್ಟಿಗೆ ಆಗೋದೇ ಸಮನ್ವಯ ಶಿಕ್ಷಣ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 17ನೇ ಸೆಕ್ಷನ್ ಪಠ್ಯದಲ್ಲೂ ಪರೀಕ್ಷೆಯಲ್ಲೂ ಬದಲಾವಣೆ ಮಾಡ್ಕೊಡಿ ಅಂತಾನೇ ಹೇಳುತ್ತೆ, ಹೆಚ್ಚಿನ ಸಮಯ, ಬರೆದುಕೊಡೋಕೆ ಬರಹಗಾರ, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ, ಇವೆಲ್ಲಾ ಅದರಲ್ಲೇ ಇವೆ. 31ನೇ ಸೆಕ್ಷನ್ ಪ್ರಕಾರ ಶೇ 40 ಮತ್ತು ಮೇಲಿನ ಅಂಗವೈಕಲ್ಯ ಇರೋ ಮಗುಗೆ 6ರಿಂದ 18 ವರ್ಷದ ತನಕ ಉಚಿತ ಶಿಕ್ಷಣ, ಹತ್ತಿರದ ಶಾಲೇನೋ ವಿಶೇಷ ಶಾಲೇನೋ ಆಯ್ಕೆ ಅವರದ್ದು, ನಮ್ಮದಲ್ಲ.

ಟೀಚರ್ ಒಬ್ಬರ ಮೇಲೇ ಹೊರೆ ಅಂದಿದ್ದು ಮಾತ್ರ ನೂರಕ್ಕೆ ನೂರು ನಿಜ. 2021ರ ಅಕ್ಟೋಬರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಪ್ರಾಥಮಿಕ ಹಂತದಲ್ಲಿ ಇಂಥ 10 ಮಕ್ಕಳಿಗೆ ಒಬ್ಬ ವಿಶೇಷ ಶಿಕ್ಷಕರು, ಮೇಲಿನ ಹಂತದಲ್ಲಿ 15ಕ್ಕೆ ಒಬ್ಬರು ಅಂತ. ನಾವು ತಾಲ್ಲೂಕಿಗೆ ಬೆರಳೆಣಿಕೆ ಜನ, ಶಾಲೆಗಳು ನೂರಾರು, ಮನೆಯಲ್ಲೇ ಇರೋ ತೀವ್ರ ನ್ಯೂನತೆಯ ಮಕ್ಕಳ ಗೃಹಾಧಾರಿತ ಶಿಕ್ಷಣಾನೂ ನಮ್ಮದೇ. ಒಂದು ಶಾಲೆಗೆ ಬಂದು ಹೋದ್ರೆ ಮತ್ತೆ ಯಾವಾಗ ಬರ್ತೀವೋ. ಇದು ಸರಿಯಲ್ಲ, ಹುದ್ದೆ ತುಂಬಿ ಅಂತ ಎಲ್ಲರೂ ಕೇಳ್ಬೇಕು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸಭೆಯಲ್ಲಿ ನಿರ್ಣಯ ಮಾಡಿ ಬಿಇಒ ಆಫೀಸಿಗೆ ಕಳಿಸ್ಬೇಕು. ಆದ್ರೆ ಆ ಹುದ್ದೆ ತುಂಬೋ ತನಕ ಈ ಹುಡುಗಿ ಕಾಯಕ್ಕಾಗಲ್ಲ.

ಮೇಡಂ, ನಿಮ್ಮ ತಾಲ್ಲೂಕಿನ ಬಿಐಇಆರ್‌ಟಿನ ಕರೆಸಿ ಐಇಪಿ, ಅಂದ್ರೆ ಈ ಮಗುಗೇ ಅಂತ ಮಾಡೋ ಕಲಿಕಾ ಯೋಜನೆ, ಬರೆಸಿ. ಬರೀವಾಗ ಒಂದು ಗಮನ ಇರಲಿ, "ಓದು ಸುಧಾರಿಸುವುದು" "ಸಂವಹನ ಬೆಳೆಸುವುದು" ಅಂತೆಲ್ಲ ಬರೆದು ಸಹಿ ಹಾಕಿದ ಐಇಪಿ ಎಷ್ಟೋ ನೋಡಿದೀನಿ, ಅದರಿಂದ ಯಾರಿಗೂ ಏನೂ ಉಪಯೋಗ ಇಲ್ಲ. ಹೀಗೆ ಬರೀಬೇಕು: "ದಸರಾ ರಜೆ ಒಳಗೆ ರ ಗ ಸ ದ ಅ ಅಕ್ಷರಗಳಿಂದಾದ ಹತ್ತು ಪದಗಳಲ್ಲಿ ಎಂಟನ್ನು ಚಿತ್ರದ ಸಹಾಯ ಇಲ್ಲದೆ ಓದುತ್ತಾಳೆ." ಯಾರು ಓದಿಸ್ತಾರೆ, ದಿನದ ಯಾವ ಹೊತ್ತಲ್ಲಿ, ಯಾವ ಸಾಮಗ್ರಿ ಇಟ್ಕೊಂಡು, ಅಷ್ಟೂ ಅದರ ಪಕ್ಕ. ಒಂದ್ಸಲಕ್ಕೆ ಮೂರು ಗುರಿ ಸಾಕು, ಒಂದು ಓದಿನದ್ದು, ಒಂದು ಲೆಕ್ಕದ್ದು, ಒಂದು ಅವಳ ದಿನನಿತ್ಯದ್ದು. ಮುಟ್ಟಿದ್ರೆ ಮುಂದಿನದು, ಮುಟ್ಟಲಿಲ್ಲ ಅಂದ್ರೆ ಗುರಿನ ಇನ್ನೂ ಚಿಕ್ಕ ಚೂರು ಮಾಡಿ.

ನಿವೃತ್ತ ಮುಖ್ಯೋಪಾಧ್ಯಾಯ, ಶಿವಮೊಗ್ಗ:

ವಯಸ್ಸಿನ ತರಗತಿ, ಅವಳ ಮಟ್ಟದ ಪಾಠ ಅನ್ನುವ ಮಾತು ಸರಿ. ಆದರೆ ಪರೀಕ್ಷೆ ದಿನ ಏನು ಮಾಡ್ತೀರಿ? ಪತ್ರಿಕೆ ಎಲ್ಲರಿಗೂ ಒಂದೇ ಬರುತ್ತಲ್ಲ.

ಬಿಐಇಆರ್‌ಟಿ, ದಾವಣಗೆರೆ ಜಿಲ್ಲೆ:

ಐಇಪಿ ಇದ್ದರೆ ಅದರ ಗುರಿ ಮೇಲೇ ಪ್ರಶ್ನೆ ತೆಗೆದು ಶಾಲಾ ಹಂತದ ರೂಪಣಾತ್ಮಕ ಮೌಲ್ಯಮಾಪನ ಮಾಡ್ಬಹುದು ಸಾರ್. ಬಾಯಲ್ಲಿ ಕೇಳ್ಬಹುದು, ಚಿತ್ರ ಜೋಡಿಸೋಕೆ ಹೇಳ್ಬಹುದು, ವಸ್ತು ಕೊಟ್ಟು ಎಣಿಸೋಕೆ ಹೇಳ್ಬಹುದು. ಅವಳು ಮಾಡಿದ್ದರ ಫೋಟೋನೋ ಹಾಳೇನೋ ಅವಳ ಕೃತಿ ಸಂಪುಟದ ಫೈಲಲ್ಲಿ ಇಡಿ, ನಾಳೆ ಯಾರಾದ್ರೂ ಬಂದು ಇವಳಿಗೆ ಈ ಗ್ರೇಡ್ ಹೇಗೆ ಕೊಟ್ರಿ ಅಂದ್ರೆ ಅದೇ ತೋರಿಸಿ. ಎಸ್‌ಎಟಿಎಸ್‌ನಲ್ಲಿ, ಅಂದ್ರೆ ಇಲಾಖೆಯ ಮಕ್ಕಳ ಆನ್‌ಲೈನ್ ದಾಖಲೆಯಲ್ಲಿ, ವಿಶೇಷ ಅಗತ್ಯದ ಮಗು ಅಂತ ನಮೂದು ಆಗಿದೆಯಾ ಅದನ್ನೂ ನೋಡ್ಕೊಳ್ಳಿ, ಅಲ್ಲಿ ಹೆಸರೇ ಇಲ್ಲದಿದ್ರೆ ಸಮಗ್ರ ಶಿಕ್ಷಣ ಯೋಜನೆಯ ವೈದ್ಯಕೀಯ ಶಿಬಿರ, ಸಾಧನ ಸಲಕರಣೆ ಲೆಕ್ಕದಲ್ಲಿ ಅವಳು ಬರೋದೇ ಇಲ್ಲ.

ಹಾಸನದ ಒಬ್ಬ ಅಮ್ಮ:

ನಾನು ಟೀಚರ್ ಅಲ್ಲ. ನನ್ನ ಮಗ ಈಗ ಆರನೇ ಕ್ಲಾಸು, ಅವನಿಗೂ ಎಲ್ಲಾ ಲೇಟು, ಕುತ್ತಿಗೆ ನಿಂತಿದ್ದೇ ಎಂಟು ತಿಂಗಳಿಗೆ. ಅಂಗನವಾಡಿಲಿ ತಾಯಿ ಕಾರ್ಡ್ ನೋಡಿ ಇದು ಸರಿ ಇಲ್ಲ ಅಂತ ಹೇಳಿದ್ದು ಅಲ್ಲಿನ ಕಾರ್ಯಕರ್ತೆ, ಮನೆಯಲ್ಲಿ ಯಾರೂ ಒಪ್ಪಲಿಲ್ಲ, ತಾಯತ ಕಟ್ಟಿಸಿದ್ರು, ಹರಕೆ ಹೊತ್ರು, ನನ್ನ ತವರಿನ ಕಡೆ ದೋಷ ಅಂದ್ರು. ಆ ಹುಡುಗಿ ಅಮ್ಮನ ಜೊತೆ ಮಾತಾಡೋವಾಗ ಇದನ್ನ ಮನಸಲ್ಲಿ ಇಟ್ಕೊಳ್ಳಿ ಮೇಡಂ. ಅವಳಿಗೆ ಗೊತ್ತಿಲ್ಲ ಅಂತ ಅಂದ್ಕೋಬೇಡಿ, ಅವಳಿಗೆ ಎಲ್ಲರಿಗಿಂತ ಮೊದಲೇ ಗೊತ್ತಿರುತ್ತೆ, ಬಾಯಿಬಿಟ್ರೆ ತನ್ನ ತಲೆ ಮೇಲೇ ಬರುತ್ತೆ ಅಂತ ಸುಮ್ಮನಿರ್ತಾಳೆ.

ಅವಳನ್ನ ಕರೆಸಿ ಮೊದಲು ಮಗಳು ಏನೇನು ಚೆನ್ನಾಗಿ ಮಾಡ್ತಾಳೆ ಅದನ್ನ ಹೇಳಿ. ತಟ್ಟೆ ಹಂಚೋದು, ಬರದೇ ಇರೋರ ಹೆಸರು ಹೇಳೋದು, ಅಷ್ಟು ಹೇಳಿ ಆಮೇಲೆ ಕಿವಿ ಒಂದ್ಸಲ ತೋರಿಸೋಣ ಅನ್ನಿ. ಬುದ್ಧಿ ಕಡಿಮೆ ಅಂತ ಶುರು ಮಾಡಿದ್ರೆ ಆ ಮನೆಯವರು ಮತ್ತೆ ಶಾಲೆ ಕಡೆ ತಲೆ ಹಾಕಲ್ಲ. ಅಪ್ಪನೂ ಇದ್ರೆ ಒಳ್ಳೇದು, ಅಜ್ಜಿ ಇದ್ರೆ ಇನ್ನೂ ಒಳ್ಳೇದು ಯಾಕಂದ್ರೆ ಮನೇಲಿ ತೀರ್ಮಾನ ಮಾಡೋದು ಅವರೇ. ಆಸ್ಪತ್ರೆಗೆ ಓಡಾಡೋ ಖರ್ಚು ಅಂತ ಹಿಂಜರಿದ್ರೆ ಈಗ ಶಕ್ತಿ ಯೋಜನೆ ಇದೆ, 2023ರ ಜೂನಿಂದ ಸರ್ಕಾರಿ ಬಸ್ಸಲ್ಲಿ ಹೆಂಗಸ್ರಿಗೆ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ತಾಯಿ ಮಗಳು ಇಬ್ಬರೂ ದುಡ್ಡಿಲ್ಲದೆ ಹೋಗಿ ಬರ್ಬಹುದು. ನನ್ನಂಥೋರು ಥೆರಪಿ ಬಿಡದೆ ಮಾಡ್ಸೋಕೆ ಆಗ್ತಿರೋದು ಅದ್ರಿಂದ.

ಮತ್ತೆ ಒಂದು ಬೇಡಿಕೆ, ಇದು ಎಲ್ಲ ಟೀಚರ್‌ಗಳಿಗೂ. ದಿನಾ ಸಂಜೆ ನೋಟ್‌ಬುಕ್ಕಲ್ಲಿ ಒಂದು ಸಾಲು ಬರೆದು ಕಳ್ಸಿ. ಹೋಮ್‌ವರ್ಕ್ ಅಲ್ಲ. "ಇವತ್ತು ಸರ ಅಂತ ಓದಿದಳು" ಅಂತ. ನನ್ನ ಮಗ ಶಾಲೆಯಲ್ಲಿ ಏನಾಯ್ತು ಅಂತ ಮನೆಗೆ ಬಂದು ಹೇಳಲ್ಲ, ನನಗೆ ಆರು ಗಂಟೆ ಅವನು ಎಲ್ಲಿದ್ದ ಏನು ಮಾಡಿದ ಏನೂ ಗೊತ್ತಿರ್ತಿರಲಿಲ್ಲ. ಒಬ್ಬ ಮೇಷ್ಟ್ರು ಹೀಗೆ ಒಂದೊಂದು ಸಾಲು ಬರೆಯೋಕೆ ಶುರು ಮಾಡಿದ ಮೇಲೆ ನಾನು ಅದನ್ನೇ ಹಿಡಿದು ಅವನ ಹತ್ರ ಮಾತಾಡಿಸ್ತಾ ಮಾತಾಡಿಸ್ತಾ ಅವನ ಮಾತು ಬೆಳೀತು. ಶಾಲಾ ವಾರ್ಷಿಕೋತ್ಸವದಲ್ಲೂ ದಯವಿಟ್ಟು ಸ್ಟೇಜ್ ಮೇಲೆ ಒಂದು ಜಾಗ ಕೊಡಿ. ಹಿಂದಿನ ಸಾಲಲ್ಲಾದ್ರೂ ಸರಿ.

ತುಮಕೂರು ಕಡೆ ಮೇಡಂ:

ಅಮ್ಮ, ನಿಮ್ಮ ಮಾತು ಓದಿ ಕಣ್ಣಲ್ಲಿ ನೀರು ಬಂತು. ಆ ಸಾಲು ಬರೆಯೋದು ನಾಳೆಯಿಂದಲೇ ಮಾಡ್ತೀನಿ.

ಲೆಕ್ಕದ ಬಗ್ಗೆ ಯಾರಾದ್ರೂ ಹೇಳಿ. ಇಪ್ಪತ್ತರ ತನಕ ಬಾಯಿಪಾಠ ಹೇಳ್ತಾಳೆ, ಆದ್ರೆ ಏಳು ಕಡ್ಡಿ ಕೊಡು ಅಂದ್ರೆ ಕೈಗೆ ಬಂದಷ್ಟು ಕೊಡ್ತಾಳೆ. ನಾಲ್ಕನೇ ಕ್ಲಾಸಲ್ಲಿ ಗುಣಾಕಾರ ಭಾಗಾಕಾರ ನಡೀತಿದೆ.

ನಲಿ-ಕಲಿ ಅಕ್ಕೋರು, ಧಾರವಾಡ:

ಹೇಳೂದು ಬ್ಯಾರೆ, ಎಣಸೂದು ಬ್ಯಾರೆ ರೀ. ಒಂದ ಎರಡ ಮೂರ ಅನ್ನೂದು ಆಕಿಗೆ ಹಾಡ ಇದ್ದಂಗ. ಒಂದ ವಸ್ತು ಮುಟ್ಟಿದ್ರ ಒಂದ ಅಂಕಿ, ಅದು ಕೂಡಬೇಕು. ನಿಮ್ಮ ಶಾಲ್ಯಾಗ ಗಣಿತ ಕಲಿಕಾ ಆಂದೋಲನದ ಕಿಟ್ ಇರಬೇಕಲ್ರಿ, ನಾಕು ಐದನೇತ್ತಿಗೇ ಕೊಟ್ಟಿದ್ದು ಅದು, ಭಾಳ ಕಡೆ ಬೀರೂದೊಳಗ ಕೀಲಿ ಹಾಕಿ ಇಟ್ಟಿರತಾರ. ಮಣಿ ಸರ ಐತಿ, ಹತ್ತರ ಕಟ್ಟು ಬಿಡಿ ಐತಿ, ಆಟದ ನೋಟು ನಾಣ್ಯ ಅದಾವು. ಕಿಟ್ ಇಲ್ಲಂದ್ರ ಹುಣಸಿ ಬೀಜ ಸಾಕು. ಐದರ ತನಕ ಎಣಸಿ ಕೊಡೂದು ಪಕ್ಕಾ ಆಗೂ ತನಕ ಆರಕ್ಕ ಹೋಗಬ್ಯಾಡ್ರಿ.

ಮತ್ತ ಆಕಿ ತಟ್ಟಿ ಹಂಚತಾಳಲ್ಲ, ಅದ ನಿಮ್ಮ ಗಣಿತ ಪೀರಿಯಡ್ಡು. ಒಂದ ಸಾಲಿನ್ಯಾಗ ಐದ ಮಂದಿ ಕುಂದರಸ್ರಿ, ಐದ ತಟ್ಟಿ ತಾ ಅನ್ರಿ. ಕಡಿಮಿ ಬಿದ್ರ ಒಬ್ಬಾವ ತಟ್ಟಿ ಇಲ್ಲದ ಕುಂತಿರತಾನ, ಆಕಿಗೇ ಗೊತ್ತಾಗತೈತಿ ಇನ್ನೊಂದ ಬೇಕು ಅಂತ. ನೀವು ತಪ್ಪು ಅನ್ನೂದ ಬ್ಯಾಡ. ಬ್ಯಾರೆಯವರು ಗುಣಾಕಾರ ಮಾಡೂವಾಗ ಆಕಿ ಎರಡೆರಡ ಬೀಜ ಗುಂಪ ಮಾಡ್ಲಿ, ಪಾಠ ಅದ, ಮಟ್ಟ ಬ್ಯಾರೆ.

ಮೈಸೂರಿನ ಸ್ಪೀಚ್ ಥೆರಪಿಸ್ಟ್:

ಅಕ್ಕೋರು ಹೇಳಿದ್ದಕ್ಕೆ ಒಂದು ಸೇರಿಸ್ತೀನಿ. ದಿನದ ವೇಳಾಪಟ್ಟಿನ ಚಿತ್ರದಲ್ಲಿ ಅವಳ ಬೆಂಚ್ ಮೇಲೆ ಅಂಟಿಸಿ, ಪ್ರಾರ್ಥನೆ, ಓದು, ಲೆಕ್ಕ, ಊಟ, ಆಟ, ಮನೆ. ಮುಗಿದಿದ್ದನ್ನ ಅವಳೇ ತಿರುಗಿಸಿ ಇಡಲಿ. ಆ ಜಿಪ್ ಎಳೆಯೋದು ಮುಂದೇನು ಅಂತ ಗೊತ್ತಿಲ್ಲದೆ ಬರೋ ಕಸಿವಿಸಿಗೂ ಇರ್ಬಹುದು. ಪಕ್ಕದಲ್ಲಿ ಕೂರೋ ಗೆಳತಿನ ವಾರಕ್ಕೊಮ್ಮೆ ಬದಲಾಯಿಸಿ, ಒಬ್ಬಳ ಮೇಲೇ ಜವಾಬ್ದಾರಿ ಹಾಕಿದ್ರೆ ಆ ಮಗುಗೆ ಸುಸ್ತಾಗುತ್ತೆ, ಇವಳಿಗೂ ಆ ಒಬ್ಬಳದ್ದೇ ಅಭ್ಯಾಸ ಆಗ್ಬಿಡುತ್ತೆ.

ವಿಶೇಷ ಶಾಲೆ ಶಿಕ್ಷಕಿ, ಮಂಗಳೂರು:

ನಾನು ವಿಶೇಷ ಶಾಲೆಯಲ್ಲಿ ಇರುವವಳು, ಆದ್ರೂ ಹೇಳ್ತೇನೆ, ಈ ಹುಡುಗಿ ನಿಮ್ಮಲ್ಲೇ ಇರ್ಲಿ. ನಮ್ಮಲ್ಲಿಗೆ ಬರಬೇಕಾದ ಮಕ್ಕಳು ಬೇರೆ ಉಂಟು, ಊಟ ಮಾಡಿಸ್ಲಿಕ್ಕೆ ಒಬ್ಬರು, ಎತ್ತಿ ಕೂರಿಸ್ಲಿಕ್ಕೆ ಒಬ್ಬರು ಬೇಕಾಗುವ ಮಕ್ಕಳು. ಅಂಥವರಿಗೆ ಫಿಸಿಯೋ, ಆಕ್ಯುಪೇಶನಲ್ ಥೆರಪಿ ಒಟ್ಟಿಗೆ ಒಂದೇ ಕಡೆ ಸಿಗ್ತದೆ ಅಂತ ವಿಶೇಷ ಶಾಲೆ ಬೇಕೇ ಬೇಕು. ತನ್ನಷ್ಟಕ್ಕೆ ನಡ್ಕೊಂಡು ಬಂದು ಇಡೀ ಶಾಲೆಯ ಮಕ್ಕಳ ಹೆಸರು ಗೊತ್ತಿರುವ ಹುಡುಗಿಯನ್ನು ಊರು ಬಿಡಿಸಿ ಎಲ್ಲೋ ಹಾಸ್ಟೆಲಿಗೆ ಹಾಕ್ಲಿಕ್ಕೆ ಯಾವ ಕಾರಣವೂ ಕಾಣುದಿಲ್ಲ ನನಗೆ.

ಆದ್ರೆ ಯಾರೂ ಇಲ್ಲಿ ಎತ್ತದ ಒಂದು ವಿಷಯ ಉಂಟು. ಅವಳಿಗೆ ಒಂಬತ್ತು ಹತ್ತು ವರ್ಷ ಅಲ್ವಾ. ಇನ್ನು ಒಂದೆರಡು ವರ್ಷದಲ್ಲಿ ಮುಟ್ಟಾಗ್ಲಿಕ್ಕೆ ಶುರುವಾಗಬಹುದು. ಬೇರೆ ಹೆಣ್ಣುಮಕ್ಕಳಿಗೆ ಅಕ್ಕನೋ ಗೆಳತಿಯೋ ಹೇಳಿರ್ತಾರೆ, ಇವಳಿಗೆ ಯಾರೂ ಹೇಳುದಿಲ್ಲ, ಅರ್ಥ ಆಗುದಿಲ್ಲ ಅಂತ ಬಿಟ್ಟುಬಿಡ್ತಾರೆ. ರಕ್ತ ಕಂಡು ಹೆದರಿ ಕಿರುಚಿದ ಮೇಲೆ ಮನೆಯವರು ಶಾಲೆ ಬಿಡಿಸ್ತಾರೆ. ಎಷ್ಟು ಹುಡುಗಿಯರ ಓದು ಹೀಗೆ ನಿಂತಿದೆ ಅಂತ ನಮ್ಮಂಥವರಿಗೆ ಗೊತ್ತು. ಹಾಗಾಗಿ ಈಗಲೇ ಶುರು ಮಾಡಿ, ಅವಳಿಗೆ ಕಲಿಲಿಕ್ಕೆ ಸಮಯ ಹೆಚ್ಚು ಬೇಕು. ಹೊಸ ಪ್ಯಾಡ್ ಒಂದನ್ನು ಒಳಉಡುಪಿಗೆ ಹಾಕುವುದು, ತೆಗೆಯುವುದು, ಪೇಪರಲ್ಲಿ ಸುತ್ತುವುದು, ಕೈ ತೊಳೆಯುವುದು, ಒಂದೊಂದೇ ಹೆಜ್ಜೆ. ನಾವು ಕಡೆಯ ಹೆಜ್ಜೆಯಿಂದ ಕಲಿಸ್ತೇವೆ, ಉಳಿದದ್ದೆಲ್ಲ ನಾವು ಮಾಡಿ ಕೊನೆಯದ್ದು ಮಾತ್ರ ಅವಳಿಗೆ ಬಿಡುದು, ಅದು ಬಂದ ಮೇಲೆ ಅದರ ಹಿಂದಿನದ್ದು. ಹೀಗೆ ಮಾಡಿದ್ರೆ ಪ್ರತಿ ಸಲವೂ ಕೆಲಸ ಮುಗಿಸಿದವಳು ಅವಳೇ ಆಗ್ತಾಳೆ. ಚಪ್ಪಲಿ ಬಕಲ್, ಸಮವಸ್ತ್ರದ ಬಟನ್ ಎಲ್ಲದಕ್ಕೂ ಇದೇ ಕ್ರಮ. ಇದನ್ನು ಅಮ್ಮನ ಜೊತೆ ಸೇರಿ ಮಾಡಿ, ಕ್ಲಾಸಲ್ಲಿ ಅಲ್ಲ.

ಮತ್ತೆ ಮೈ ಮುಟ್ಟುವ ವಿಷಯ. ಯಾರು ಮುಟ್ಟಬಹುದು, ಎಲ್ಲಿ ಮುಟ್ಟಬಾರದು, "ಬೇಡ" ಅಂತ ಜೋರಾಗಿ ಹೇಳ್ಲಿಕ್ಕೆ ಕಲಿಸಿ. ನಾವು ಈ ಮಕ್ಕಳಿಗೆ ಹೇಳಿದ ಹಾಗೆ ಕೇಳು ಅಂತ ಮಾತ್ರ ಕಲಿಸ್ತೇವೆ, ಹಾಗೆ ಬೆಳೆದ ಮಗು ಯಾರು ಏನು ಹೇಳಿದ್ರೂ ಕೇಳ್ತದೆ. ಎರಡೇ ಪದ ಮಾತಾಡುವವಳಾದ್ರೂ ಅದರಲ್ಲಿ ಒಂದು "ಬೇಡ" ಆಗಿರ್ಬೇಕು.

ಬೆಂಗಳೂರು ಪ್ರೈವೇಟ್ ಸ್ಕೂಲ್ ಮಿಸ್:

ಇದನ್ನ ನಮ್ಮ ಸ್ಟಾಫ್ ರೂಮಲ್ಲಿ ಓದಿ ಹೇಳ್ತೀನಿ ಮೇಡಂ.

ನಿವೃತ್ತ ಮುಖ್ಯೋಪಾಧ್ಯಾಯ, ಶಿವಮೊಗ್ಗ:

ಎಲ್ಲ ಸರಿ. ಆದರೆ ಕಿರಿಯ ಪ್ರಾಥಮಿಕ ಶಾಲೆ ಅಂದರೆ ಐದಕ್ಕೆ ಮುಗಿಯಿತು. ಆರಕ್ಕೆ ಬೇರೆ ಊರಿನ ಶಾಲೆ, ಹೊಸ ಶಿಕ್ಷಕರು, ವಿಷಯಕ್ಕೊಬ್ಬರು. ಮೂರರಿಂದ ನಾಲ್ಕಕ್ಕೆ ಬಂದಾಗಲೇ ಹೀಗಾದರೆ ಆಗ ಏನು ಗತಿ? ಇದಕ್ಕೆ ಈಗಲೇ ಏನಾದರೂ ಯೋಚಿಸಿ.

ಬಿಐಇಆರ್‌ಟಿ, ದಾವಣಗೆರೆ ಜಿಲ್ಲೆ:

ಸಾರ್, ತುಂಬಾ ಸರಿಯಾದ ಪ್ರಶ್ನೆ. ವರ್ಗಾವಣೆ ಪತ್ರದ ಜೊತೆ ಐಇಪಿ ಹೋಗಲ್ಲ, ಅಲ್ಲೇ ಎಲ್ಲಾ ಕಳೆದುಹೋಗೋದು. ಮೇಡಂ, ಐದನೇ ಕ್ಲಾಸಿನ ಫೆಬ್ರವರಿ ಹೊತ್ತಿಗೆ ಒಂದು ಹಾಳೆ ಬರೆದಿಡಿ, ಎರಡು ಪುಟ ಬೇಡ, ಒಂದೇ. ಎಷ್ಟು ಓದ್ತಾಳೆ, ಎಷ್ಟರ ತನಕ ಎಣಿಸಿ ಕೊಡ್ತಾಳೆ, ಹೇಗೆ ಹೇಳಿದ್ರೆ ಅರ್ಥ ಆಗುತ್ತೆ, ಶೌಚಾಲಯಕ್ಕೆ ಹೇಗೆ ಕೇಳ್ತಾಳೆ, ಏನಾದ್ರೆ ಬೇಜಾರಾಗ್ತಾಳೆ, ಯಾವ ಗೆಳತಿ ಜೊತೆ ಕೂರಿಸ್ಬೇಕು. ಏಪ್ರಿಲಲ್ಲಿ ಶಾಲೆ ಮುಗಿಯೋ ಮುಂಚೆ ಆ ಗೆಳತಿಯರ ಜೊತೆ ಅವಳನ್ನ ಹೊಸ ಶಾಲೆಗೆ ಒಂದೆರಡು ಸಲ ಕರ್ಕೊಂಡು ಹೋಗಿ, ಊಟ ಎಲ್ಲಿ ಬಡಿಸ್ತಾರೆ ನೀರು ಎಲ್ಲಿದೆ ತೋರಿಸಿ, ಅಲ್ಲಿನ ಮೇಷ್ಟ್ರ ಕೈಗೇ ಆ ಹಾಳೆ ಕೊಡಿ. ಸಿಆರ್‌ಪಿಗೂ (ಸುತ್ತಲಿನ ಶಾಲೆಗಳನ್ನ ನೋಡ್ಕೊಳ್ಳೋ ಸಂಪನ್ಮೂಲ ವ್ಯಕ್ತಿ) ಒಂದು ಪ್ರತಿ ಇರಲಿ.

ತುಮಕೂರು ಕಡೆ ಮೇಡಂ:

ಬರ್ಕೊಂಡೆ ಎಲ್ಲಾನೂ. ಕೆಳಗಿನ ಕ್ಲಾಸ್ ಟೀಚರ್ ಹತ್ರ ಕೇಳಿದೆ, ಪ್ರಗತಿ ನೋಟದಲ್ಲಿ ಅವಳು ನಿಂತಿರೋದು ಒಂದನೇ ಕ್ಲಾಸಿನ ಮೂರನೇ ಮೈಲಿಗಲ್ಲಲ್ಲಿ, ಅಕ್ಕೋರು ಹೇಳಿದ ಹಾಗೇ. ಕಾರ್ಡಿನ ಟ್ರೇ ನನ್ನ ರೂಮಿಗೆ ಬಂತು. ಐದು ಮಕ್ಕಳ ಗುಂಪು ಮಾಡಿದೀನಿ, ಊಟಕ್ಕೆ ಮುಂಚಿನ ಇಪ್ಪತ್ತು ನಿಮಿಷ ಅವರದ್ದು. ಸೋಮವಾರ ಅಮ್ಮ ಅಜ್ಜಿ ಇಬ್ಬರನ್ನೂ ಬರೋಕೆ ಹೇಳಿದೀನಿ, ಕಿವಿ ಪರೀಕ್ಷೆ ವಿಷಯ ಅವತ್ತೇ ಎತ್ತುತೀನಿ. ಮಂಗಳೂರಿನ ಮೇಡಂ, ಆ ಹೆಜ್ಜೆಗಳ ಚಿತ್ರ ನಿಮ್ಮ ಹತ್ರ ಇದ್ರೆ ಇಲ್ಲೇ ಹಾಕಿ, ಬೇರೆ ಟೀಚರ್‌ಗಳಿಗೂ ಬೇಕಾಗುತ್ತೆ.

ವಿಶೇಷ ಶಾಲೆ ಶಿಕ್ಷಕಿ, ಮಂಗಳೂರು:

ಉಂಟು, ಕೈಯಲ್ಲಿ ಬಿಡಿಸಿದ್ದು. ನಾಳೆ ಫೋಟೋ ತೆಗೆದು ಹಾಕ್ತೇನೆ. ಪ್ರಿಂಟ್ ತೆಗೆದು ಮನೆಯ ಬಚ್ಚಲ ಬಾಗಿಲ ಒಳಬದಿಗೆ ಅಂಟಿಸ್ಲಿಕ್ಕೆ ಅಮ್ಮನಿಗೆ ಹೇಳಿ, ಅವಳ ಕಣ್ಣಿನ ಎತ್ತರಕ್ಕೆ.